ಓಡದ ವಾಹನದ ಒಡೆತನ: ಒಂದು ವಿಮರ್ಶೆ

ಕಳೆದ ದಶಲಕ್ಷಣ ಪರ್ವದಲ್ಲಿ ಉತ್ತಮ ಆಕಿಂಚನ್ಯದ ದಿನ ಸಂಜೆಯ ಸ್ವಾಧ್ಯಾಯ ಮುಗಿದು ಶ್ರಾವಕರೆಲ್ಲ ಎದ್ದು ಹೊರಡುವ ಹೊತ್ತಿಗೆ, ತರುಣನೊಬ್ಬ ತನ್ನ ಫೋನಿನಲ್ಲಿದ್ದ ಒಂದು ಚಿತ್ರವನ್ನು ನನ್ನ ಮುಂದೆ ಹಿಡಿದನು. ಹಳೆಯದೊಂದು ಜಪಾನೀ ಕಾರು. ಆಸನದ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಕೂಡ ಯಾರೂ ತೆಗೆದಿರಲಿಲ್ಲ. ಕೊಂಡ ದಿನದಿಂದ ಅದನ್ನು ಓಡಿಸದೆ, ಮಳೆ ಬಿಸಿಲು ಸೋಕಿಸದೆ, ಹತ್ತಾರು ವರ್ಷ ಕೋಣೆಯೊಳಗೆ ಕಾಪಾಡಿದ ಯಾರದೋ ಸಾಹಸದ ಕಥೆ ಚಿತ್ರದ ಕೆಳಗಿತ್ತು. "ಕಾಕಾ, ಅಂವ ಒಂದ್ ದಿನಾನೂ ಆ ಗಾಡಿ ಹತ್ತಿ ಮೆರದಿಲ್ಲ. ಭೋಗಾನ ಇಲ್ಲಂದ ಮ್ಯಾಲ ಪರಿಗ್ರಹ ಎಲ್ಲಿಂದ ಬಂತು? ನಾವ ದಿನಾ ಗಾಡಿ ಓಡಸಾವ್ರು ಅವಗಿಂತ ಹೆಚ್ಚಿನ ಪರಿಗ್ರಹಿಗಳು ಅಲ್ಲೇನ್ರಿ?" ಎಂದು ಅವನು ಕೇಳಿದನು.

ಪ್ರಶ್ನೆ ಹುಡುಗಾಟಿಕೆಯದಾಗಿರಲಿಲ್ಲ. ಅಂದು ನಾನು ಏನೋ ಒಂದು ಉತ್ತರ ಕೊಟ್ಟು ಮನೆಗೆ ಬಂದೆ. ಆದರೆ ಆ ಉತ್ತರ ನನಗೇ ಸಮಾಧಾನ ತರಲಿಲ್ಲ. ಈ ಬಗೆಯ ಒಂದು ಕಾರಿನೊಡನೆ ನಮ್ಮ ಮನೆತನಕ್ಕೆ ಬಹುಕಾಲದ ಸಂಬಂಧವಿರುವುದರಿಂದ, ಸಾವಧಾನವಾಗಿ ವಿಚಾರ ಮಾಡಿ ಬರೆಯುವುದು ನನ್ನ ಕರ್ತವ್ಯವೆಂದು ತೋರಿತು.

ಮೊದಲು ಈ ಹವ್ಯಾಸದ ಸ್ವರೂಪವನ್ನು ತಿಳಿಯೋಣ. ಜಪಾನಿನ ಹಳೆಯ ಕಾರುಗಳಿಗೆ ಈ ಪರಿಯ ಗೌರವ ಬಂದದ್ದು ತೀರ ಈಚೆಗೆ. ಒಂದು ಕಾಲಕ್ಕೆ ಅಗ್ಗದ, ಬಾಳಿಕೆಯ ಸಾಮಾನೆಂದು ಹೆಸರಾಗಿದ್ದವು ಅವು; ಯೂರೋಪಿನ ಕಾರುಗಳಂತೆ ಸಂಗ್ರಹಯೋಗ್ಯವೆಂದು ಅವುಗಳನ್ನು ಯಾರೂ ಎಣಿಸುತ್ತಿರಲಿಲ್ಲ. ಯಮಾಹಾ ಸಂಸ್ಥೆಯ ನೆರವಿನಿಂದ ಟೊಯೋಟಾ 1967ರಿಂದ 1970ರವರೆಗೆ ತಯಾರಿಸಿದ 2000ಜಿಟಿ ಎಂಬ ಕಾರುಗಳ ಒಟ್ಟು ಸಂಖ್ಯೆ 351. ಅವುಗಳಲ್ಲಿ ಒಂದು 2013ರಲ್ಲಿ ಅಮೆರಿಕದ ಹರಾಜಿನಲ್ಲಿ 11 ಲಕ್ಷ 55 ಸಾವಿರ ಡಾಲರಿಗೆ ಹೋಯಿತು. ಜಪಾನೀ ಕಾರೊಂದು ಹತ್ತು ಲಕ್ಷ ಡಾಲರ್ ದಾಟಿದ್ದು ಅದೇ ಮೊದಲು. ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ಕಟ್ಟುನಿಟ್ಟಿನ ಸರಕಾರಿ ತಪಾಸಣೆ. 13 ವರ್ಷ ದಾಟಿದ ಪೆಟ್ರೋಲ್ ಕಾರಿಗೆ ಹೆಚ್ಚಿನ ತೆರಿಗೆ. ಈ ಕಾರಣದಿಂದ ಅಲ್ಲಿಯ ಜನ ಹಳೆಯ ಕಾರನ್ನು ಬೇಗನೆ ಬಿಟ್ಟುಕೊಡುತ್ತಾರೆ. ಆದುದರಿಂದ ಹೊಚ್ಚ ಹೊಸದರಂತೆ ಉಳಿದದ್ದು ಅಲ್ಲಿಯೂ ವಿರಳ. ವಿರಳವಾದದ್ದರ ಬೆಲೆ ಏರುವುದು ವ್ಯಾಪಾರದ ಮೊದಲ ಪಾಠ. ಅದನ್ನು ನಾನು ಕಾಲೇಜಿನಲ್ಲಿ ಕಲಿಯುವ ಮೊದಲೇ ಅಡತಿ ಅಂಗಡಿಯಲ್ಲಿ ಕಲಿತಿದ್ದೆ.

ನಮ್ಮ ನಾಡಿಗೆ ಈ ಮಾತು ದೂರದ್ದೆಂದು ಭಾವಿಸಬಾರದು. ಮಾರುತಿ 800ರ ಮೊದಲ ಮಾದರಿಯು ವಸ್ತುತಃ ಸುಜುಕಿ ಸಂಸ್ಥೆಯ ಎಸ್.ಎಸ್. 80 ಎಂಬ ಜಪಾನೀ ಕಾರೇ ಆಗಿತ್ತು. ಮೂರು ಸಿಲಿಂಡರಿನ, 796 ಸಿ.ಸಿ.ಯ ಆ ಪುಟ್ಟ ಯಂತ್ರದ ಬಿಡಿಭಾಗಗಳು ಮೊದಮೊದಲು ಜಪಾನಿನಿಂದಲೇ ಬಂದು ಗುಡಗಾಂವದಲ್ಲಿ ಜೋಡಣೆಯಾಗುತ್ತಿದ್ದವು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಕೈಯನ್ನು ದಿಲ್ಲಿಯ ಹರಪಾಲ ಸಿಂಗ್ ಎಂಬವರಿಗೆ ಒಪ್ಪಿಸಿದರು. 1986ರಲ್ಲಿ ಕಾರಿನ ಆಕಾರ ಬದಲಾಯಿತು. 2014ರ ಜನವರಿಯಲ್ಲಿ ತಯಾರಿಕೆಯೇ ನಿಂತಿತು. ಮೊದಲ ಎರಡು ಮೂರು ವರ್ಷದ ಆ ಚೌಕಾಕಾರದ ಕಾರುಗಳನ್ನು ಈಗ ಸಂಗ್ರಾಹಕರು ಊರೂರು ಹುಡುಕುತ್ತಿದ್ದಾರೆ.

ಅಂಥ ಒಂದು ಕಾರು ಮುಳವಾಡದಲ್ಲಿ ಇಪ್ಪತ್ತೆರಡು ವರ್ಷ ಮುಸುಕಿನೊಳಗಿತ್ತು. ಅದು ನಮ್ಮ ದೊಡ್ಡಪ್ಪನವರದು.

ದೊಡ್ಡಪ್ಪನವರು ಮುಂಗಡ ಕಟ್ಟಿ, ವರ್ಷಗಟ್ಟಲೆ ಕಾಯ್ದು, 1986ರ ಆರಂಭದಲ್ಲಿ ಆ ಕಾರನ್ನು ಪಡೆದರು. ನಾನಾಗ ಬಿ.ಕಾಂ. ಮುಗಿಸಿ ಅಂಗಡಿಯ ಕೀರ್ದಿ ಖಾತೆ ಬರೆಯಲು ಕುಳಿತು ಮೂರು ನಾಲ್ಕು ವರ್ಷಗಳಾಗಿದ್ದವು. ಹುಬ್ಬಳ್ಳಿಯಿಂದ ಬಾಡಿಗೆಯ ಚಾಲಕನೊಬ್ಬ ಅದನ್ನು ಓಡಿಸಿಕೊಂಡು ಬಂದನು. ಬಿಳಿಯ ಬಣ್ಣ. ಎರಡನೆಯ ದಿನ ಬಿಜಾಪುರದ ಸಹಸ್ರಫಣಿ ಪಾರ್ಶ್ವನಾಥನ ದರ್ಶನಕ್ಕೆ ಹೋಗಿ ಬಂದೆವು. ಮರಳಿ ಬರುವಾಗ ಎದುರಿನ ಲಾರಿಯ ಗಾಲಿಯಿಂದ ಸಿಡಿದ ಹರಳೊಂದು ಮುಂಭಾಗಕ್ಕೆ ಬಡಿದು, ಜೋಳದ ಕಾಳಿನಷ್ಟು ಬಣ್ಣ ಎದ್ದಿತು. ದೊಡ್ಡಪ್ಪನವರು ರಸ್ತೆಯ ಬದಿಗೆ ಕಾರನ್ನು ನಿಲ್ಲಿಸಿ, ಇಳಿದು, ಆ ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದ ಬಗೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮನೆಯಲ್ಲಿ ಮಕ್ಕಳಿಗೆ ಪೆಟ್ಟಾದಾಗಲೂ ಅವರು ಅಷ್ಟು ಮೌನವಾದದ್ದನ್ನು ನಾನು ಕಂಡಿರಲಿಲ್ಲ. ಅಂದು ವಖಾರಿಯ ಒಳಮೂಲೆಗೆ ಸೇರಿದ ಕಾರು ಆಮೇಲೆ ಹೊರಗೆ ಬರಲಿಲ್ಲ. "ರಸ್ತಾ ಛಲೋ ಆದ ಮ್ಯಾಲ ತಗಿಯೂಣು" ಎನ್ನುತ್ತಿದ್ದರು.

ಟೈರು ಕೆಡಬಾರದೆಂದು ನಾಲ್ಕೂ ಕಡೆ ಕಲ್ಲು ಕೊಟ್ಟು ಎತ್ತಿ ನಿಲ್ಲಿಸಿದೆವು. ಬ್ಯಾಟರಿಯನ್ನು ಬಿಚ್ಚಿ ತೆಗೆದೆವು. ಮೊದಲು ಮೆತ್ತನೆಯ ಬಟ್ಟೆ, ಅದರ ಮೇಲೆ ತಾಡಪತ್ರಿ. ಪ್ರತಿ ಅಮಾವಾಸ್ಯೆಗೆ ಮುಸುಕು ತೆಗೆದು, ಒರೆಸಿ, ಮತ್ತೆ ಮುಚ್ಚುವುದು. ಈ ಎಲ್ಲ ಕೆಲಸದಲ್ಲಿ ನನ್ನ ಕೈಯೂ ಇತ್ತೆಂಬುದನ್ನು ಮುಚ್ಚಿಡಲಾರೆ. ಇದೊಂದು ಆಸ್ತಿ, ಬಳಸದಿದ್ದರೆ ಬೆಲೆ ಉಳಿಯುತ್ತದೆ ಎಂದು ಅವರಿಗೆ ಓದು ಕಲಿತ ಗರ್ವದಿಂದ ಹೇಳಿದವನೂ ನಾನೇ. ಕಾರು ಪೇಢಿಯ ಹೆಸರಿನಲ್ಲಿದ್ದುದರಿಂದ ಮೊದಲ ವರ್ಷ ಅದಕ್ಕೆ ಸವಕಳಿ ಬರೆದೆ. ಲೆಕ್ಕಪರಿಶೋಧಕರು ಅದನ್ನು ಹೊಡೆದುಹಾಕಿದರು. 1961ರ ಆದಾಯ ತೆರಿಗೆ ಕಾಯ್ದೆಯ 32ನೆಯ ಕಲಮಿನ ಪ್ರಕಾರ, ಸ್ವತ್ತು ತನ್ನದಾಗಿದ್ದರೆ ಸಾಲದು, ಅದು ವ್ಯಾಪಾರಕ್ಕೆ ಬಳಕೆಯೂ ಆಗಿರಬೇಕಾಗಿತ್ತು. ಹೀಗಾಗಿ ನಮ್ಮ ಖಾತೆಯಲ್ಲಿ ಆ ಕಾರಿನ ಬೆಲೆ ವರ್ಷ ವರ್ಷವೂ ಕೊಂಡ ದಿನದ ಅಂಕಿಯಲ್ಲೇ ನಿಂತಿತು. ಪುಸ್ತಕದಲ್ಲಿ ಅದು ಎಂದೂ ಮುಪ್ಪಾಗಲಿಲ್ಲ.

ಈಗ ಶಾಸ್ತ್ರದ ಕಡೆಗೆ ತಿರುಗೋಣ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹವನ್ನು ಮೂರ್ಛೆಯೆಂಬ ಒಂದೇ ಪದದಿಂದ ಹೇಳಿಬಿಟ್ಟರು. ಇದು ಎಲ್ಲ ಶ್ರಾವಕರಿಗೂ ಗೊತ್ತಿರುವ ಮಾತು. ಆದರೆ ನಮ್ಮ ಕನ್ನಡ ನಾಡಿನ ಆಚಾರ್ಯ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಆ ಮೂರ್ಛೆಯನ್ನು ಬಿಡಿಸಿ ಹೇಳುವಾಗ ಯಾವ ಯಾವ ವ್ಯಾಪಾರಗಳನ್ನು ಎಣಿಸಿದ್ದಾರೆಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಹಸು ಎಮ್ಮೆ ಮಣಿ ಮುತ್ತು ಮೊದಲಾದ ಹೊರಗಿನ ವಸ್ತುಗಳನ್ನೂ ರಾಗಾದಿ ಒಳಗಿನ ಉಪಾಧಿಗಳನ್ನೂ ಸಂರಕ್ಷಿಸುವುದು, ಸಂಪಾದಿಸುವುದು, ಸಂಸ್ಕಾರಗೊಳಿಸುವುದು ಮುಂತಾದ ಕಾರ್ಯಗಳಲ್ಲಿ ಬಿಡುವಿಲ್ಲದೆ ತೊಡಗಿರುವುದೇ ಮೂರ್ಛೆಯೆಂಬುದು ಅವರ ವಿವರಣೆಯ ತಾತ್ಪರ್ಯ. ಇಲ್ಲಿ ಭೋಗದ ಹೆಸರೇ ಇಲ್ಲ. ಮೊದಲು ಬಂದಿರುವುದು ಸಂರಕ್ಷಣೆ. ಒರೆಸಿ ಹೊಳಪು ಕೊಡುವುದಕ್ಕೂ, ಅಂದರೆ ಸಂಸ್ಕಾರಕ್ಕೂ, ಅಲ್ಲಿ ಸ್ಥಾನವಿದೆ. ಆ ತರುಣನ ಪ್ರಶ್ನೆಗೆ ನಾನು ಅಂದು ಹೇಳಬೇಕಾಗಿದ್ದ ಉತ್ತರ ಇದು. ಅಮಾವಾಸ್ಯೆಗೊಮ್ಮೆ ಮುಸುಕು ತೆಗೆದು ಒರೆಸುವವನು ಏನನ್ನೂ ಅನುಭವಿಸಲಿಲ್ಲವೆಂದು ಪರಿಗ್ರಹದಿಂದ ಪಾರಾಗಲಾರನು. ಮೂಲಾಚಾರದ ಬಾಹ್ಯ ಪರಿಗ್ರಹದ ಹತ್ತು ಭೇದಗಳಲ್ಲಿ ಯಾನವೂ ಒಂದು. ಅದು ಓಡುವ ಯಾನವೋ ನಿಂತ ಯಾನವೋ ಎಂದು ಅಲ್ಲಿ ವಿಂಗಡಿಸಿಲ್ಲ.

ಓಡಿಸುವವನಿಗೆ ವಾಹನ ಒಂದು ಸಾಧನ. ಅವನು ಊರು ಮುಟ್ಟಿದ ಮೇಲೆ ಅದನ್ನು ಮರೆಯುತ್ತಾನೆ. ಓಡಿಸದವನಿಗೆ ಮರೆಯುವ ಅವಕಾಶವೇ ಇಲ್ಲ. ದೊಡ್ಡಪ್ಪನವರು ಮಳೆಗಾಲದ ರಾತ್ರಿ ಎದ್ದು ಕಂದೀಲು ಹಿಡಿದು ವಖಾರಿಯ ಮಾಳಿಗೆ ಸೋರುತ್ತಿದೆಯೇ ಎಂದು ನೋಡಿ ಬರುತ್ತಿದ್ದರು. ಆ ಮಾಳಿಗೆಯ ಕೆಳಗೆ ನೂರಾರು ಚೀಲ ಜೋಳ ಕುಸುಬಿ ಇದ್ದವು. ಅವು ನೆನೆದರೂ ಅವರಿಗೆ ಅಷ್ಟು ಚಿಂತೆಯಿರಲಿಲ್ಲ.

ಇನ್ನೊಂದು ವಾದವೂ ಉಂಟು, ಅದು ನಮ್ಮವರ ಬಾಯಲ್ಲಿಯೇ ಬರುವಂಥದು. ನಿಂತ ಕಾರು ಇರುವೆಯನ್ನೂ ತುಳಿಯುವುದಿಲ್ಲ, ಹೊಗೆ ಬಿಡುವುದಿಲ್ಲ. ಆದುದರಿಂದ ಅಹಿಂಸೆಯ ದೃಷ್ಟಿಯಿಂದ ಅದೇ ಮೇಲು ಎಂಬುದು. ನಾನೂ ಕೆಲಕಾಲ ಹೀಗೆ ನಂಬಿದ್ದೆ. ಆದರೆ ವಖಾರಿಯೆಂದ ಮೇಲೆ ಇಲಿಗಳು ಇರಲೇಬೇಕು. ಮೂರು ತಲೆಮಾರು ಧಾನ್ಯ ವ್ಯಾಪಾರ ಮಾಡಿದ ನಮ್ಮ ಮನೆಯಲ್ಲಿ ಇಲಿಗಳಿಗೆ ವಿಷವಿಟ್ಟದ್ದಿಲ್ಲ. ಚೀಲ ಕಚ್ಚಿದರೆ ಹೊಲಿದು, ಚೆಲ್ಲಿದ ಕಾಳನ್ನು ಬಳಿದು, ನಷ್ಟವನ್ನು ಧರ್ಮದ ಖಾತೆಗೆ ಬರೆಯುತ್ತಿದ್ದರು. ಕಾರಿನ ಆಸನದೊಳಗೆ ಇಲಿ ಮರಿ ಹಾಕಿದ್ದು ಗೊತ್ತಾದ ವಾರ, ದೊಡ್ಡಪ್ಪನವರು ಹಮಾಲನನ್ನು ಕರೆದು, ನನ್ನ ಮುಖವನ್ನು ನೋಡದೆ, ಪೇಟೆಯಿಂದ ಇಲಿಪಾಷಾಣ ತರಲು ಹೇಳಿದರು. ಅನ್ನದ ರಕ್ಷಣೆಗೆ ಒಪ್ಪದಿದ್ದ ಹಿಂಸೆಯನ್ನು, ಯಾರೂ ಕುಳಿತುಕೊಳ್ಳದ ಆಸನದ ರಕ್ಷಣೆಗೆ ಒಪ್ಪಿದರು. ಅವರು ದುಷ್ಟರಾಗಿರಲಿಲ್ಲ, ಪರ್ವದ ಹತ್ತೂ ದಿನ ಏಕಾಶನ ಮಾಡುತ್ತಿದ್ದ ಮನುಷ್ಯ.

ಬರೆಯಲು ಕಷ್ಟವಾದ ಪ್ರಸಂಗ ಮುಂದಿನದು. 1991ರ ಮಳೆಗಾಲ. ಅದೇ ಹಮಾಲನ ಹೆಂಡತಿಗೆ ನಡುರಾತ್ರಿ ಹೆರಿಗೆ ಬೇನೆ ಶುರುವಾಗಿ, ಸೂಲಗಿತ್ತಿ ತನ್ನ ಕೈಯಿಂದ ಆಗದೆಂದು ಹೇಳಿದಳು. ಅವನು ಓಡಿ ಬಂದದ್ದು ನಮ್ಮ ಮನೆಗೆ. ಅವನು ಕಾರನ್ನು ಕೇಳಲಿಲ್ಲ, "ಏನರ ಮಾಡ್ರಿ ಸಾವಕಾರ್ರ" ಎಂದಷ್ಟೇ ಅಂದನು. ದೊಡ್ಡಪ್ಪನವರು ವಖಾರಿಯ ಕಡೆಗೆ ನೋಡಿದರು, ನಾನೂ ನೋಡಿದೆ. ಕಾರು ಕಲ್ಲಿನ ಮೇಲಿತ್ತು. ಬ್ಯಾಟರಿ ಇರಲಿಲ್ಲ, ಪೆಟ್ರೋಲ್ ಇರಲಿಲ್ಲ, ಗಾಲಿಗಳಲ್ಲಿ ಗಾಳಿ ಇರಲಿಲ್ಲ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹುಲ್ಲು ಹಾಸಿ, ಅದೇ ತಾಡಪತ್ರಿಯನ್ನು ಕಾರಿನ ಮೇಲಿನಿಂದ ಎಳೆದು ಅವಳ ಮೇಲೆ ಹಿಡಿದು, ಬಿಜಾಪುರದ ಆಸ್ಪತ್ರೆಗೆ ಕರೆದೊಯ್ದೆವು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಕಾರಿನಲ್ಲಿ ಹೋಗಿದ್ದರೆ ಉಳಿಯುತ್ತಿತ್ತೆಂದು ನಾನು ಹೇಳಲಾರೆ. ವೈದ್ಯರೂ ಹಾಗೆ ಹೇಳಲಿಲ್ಲ. ಆ ರಾತ್ರಿ ಕೊಡಲಾರೆವೆಂದು ಯಾರೂ ಅನ್ನಲಿಲ್ಲ. ಕೊಡಲಾಗದ ಸ್ಥಿತಿಯನ್ನು ಐದು ವರ್ಷ ಮೊದಲೇ ನಾವು ನಮ್ಮ ಕೈಯಿಂದ ನಿರ್ಮಿಸಿಟ್ಟಿದ್ದೆವು. ನಾನು ಸ್ವತಃ ಬ್ಯಾಟರಿ ಬಿಚ್ಚಿದವನು.

ಈ ಕಾರಣದಿಂದಲೇ, ಬಳಸದೆ ಇಡುವುದು ತ್ಯಾಗಕ್ಕೆ ಹತ್ತಿರವಾದ ಗುಣವೆಂಬ ಮಾತನ್ನು ಕೇಳಿದಾಗ ನನ್ನ ಮನಸ್ಸು ಒಪ್ಪುವುದಿಲ್ಲ. ತ್ಯಾಗ ಮಾಡಿದ ವಸ್ತು ಇನ್ನೊಬ್ಬರಿಗೆ ದಕ್ಕುತ್ತದೆ. ಮುಸುಕು ಹಾಕಿದ ವಸ್ತು ಒಡೆಯನಿಗೂ ದಕ್ಕದು, ಪರರಿಗೂ ದಕ್ಕದು. ಬಳಸದೆ ಇಟ್ಟರೇ ಲೋಕಕ್ಕೆ ಕ್ಷೇಮವೆನ್ನುವ ವಸ್ತುಗಳೂ ಇಲ್ಲದಿಲ್ಲ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದು ಆಮೇಲೆ ವಿಜಯಪುರದ ಕೋಟೆಗೆ ಬಂದ ಮಲಿಕ್-ಎ-ಮೈದಾನ್ ತೋಪು ಬುರುಜಿನ ಮೇಲೆ ಸುಮ್ಮನೆ ಕುಳಿತಿರುವುದೇ ಅದರ ಪುಣ್ಯ. ಆದರೆ ಕಾರು ತೋಪಲ್ಲ.

ಇನ್ನು ಸಂರಕ್ಷಣೆಯೆಂಬ ಈ ಸಾಹಸವು ತನ್ನ ಉದ್ದೇಶದಲ್ಲಾದರೂ ಸಫಲವಾಗುತ್ತದೆಯೇ ಎಂದು ನೋಡಬೇಕು. ನಮ್ಮ ಭಾಗದ ಹಗೇವುಗಳನ್ನು ಬಲ್ಲವರಿಗೆ ಈ ವಿಷಯ ಬೇಗ ತಿಳಿಯುತ್ತದೆ. ನೆಲದೊಳಗೆ ಕುಳಿ ತೋಡಿ, ಸುತ್ತಲೂ ಹುಲ್ಲು ಕಣಿಕೆ ಕೊಟ್ಟು, ಜೋಳ ತುಂಬಿ, ಬಾಯಿಗೆ ಚಪ್ಪಡಿ ಮಣ್ಣು ಮುಚ್ಚಿದರೆ ಬರಗಾಲಕ್ಕೆ ಅದೇ ಆಧಾರ. ಆದರೆ ಹಗೇವಿಗೆ ನೀರು ಹೊಕ್ಕರೆ ಮೇಲಿನಿಂದ ತಿಳಿಯದು, ತೆಗೆದ ದಿನವೇ ಗೊತ್ತಾಗುವುದು. ಅಮೆರಿಕದ ಟಲ್ಸಾ ಪಟ್ಟಣದವರು 1957ರ ಜೂನ್ 15ರಂದು ಹೊಚ್ಚ ಹೊಸ ಪ್ಲಿಮತ್ ಬೆಲ್ವಡೀರ್ ಕಾರೊಂದನ್ನು ನ್ಯಾಯಾಲಯದ ಅಂಗಳದಲ್ಲಿ ಕಾಂಕ್ರೀಟಿನ ನೆಲಮಾಳಿಗೆ ಕಟ್ಟಿ ಹೂತಿಟ್ಟರು. ಅಣುಬಾಂಬಿಗೂ ಅಳುಕದ ನೆಲಮಾಳಿಗೆ ಎಂದು ಕೊಚ್ಚಿಕೊಂಡಿದ್ದರು. ಐವತ್ತು ವರ್ಷ ಕಳೆದಾಗ ಪೆಟ್ರೋಲ್ ಸಿಕ್ಕುತ್ತದೋ ಇಲ್ಲವೋ ಎಂಬ ಮುಂದಾಲೋಚನೆಯಿಂದ ಅದರೊಡನೆ ಪೆಟ್ರೋಲಿನ ಪೀಪಾಯಿಯನ್ನೂ ಇಟ್ಟಿದ್ದರು! 2007ರ ಜೂನ್ 15ರಂದು ಸಾವಿರಾರು ಜನರೆದುರು ತೆಗೆದಾಗ ನೆಲಮಾಳಿಗೆಯಲ್ಲಿ ನೀರು ತುಂಬಿತ್ತು. ಕಾರು ಒಂದೇ ತುಕ್ಕಿನ ಮುದ್ದೆಯಾಗಿತ್ತು. 2007ರ ಜನಸಂಖ್ಯೆಯನ್ನು ಸರಿಯಾಗಿ ಊಹಿಸಿದವರಿಗೆ ಆ ಕಾರು ಬಹುಮಾನವೆಂದು ಸಾರಿದ್ದರು. ಗೆದ್ದವನು ಅಷ್ಟರಲ್ಲಿ ತೀರಿಹೋಗಿದ್ದನು.

ನೀರು ಹೊಗದಿದ್ದರೂ ನಿಂತ ಯಂತ್ರ ಕೆಡುತ್ತದೆ. 2008ರಲ್ಲಿ ದೊಡ್ಡಪ್ಪನವರು ತೀರಿಕೊಂಡ ಮೇಲೆ ಕಾರಿನ ಮುಸುಕನ್ನು ತೆಗೆದಾಗ ಮೇಲಿನ ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. ಮೀಟರು ತೋರಿಸಿದ್ದು ಇನ್ನೂರ ನಲವತ್ತು ಚಿಲ್ಲರೆ ಕಿಲೋಮೀಟರು. ವಿಜಯಪುರದಿಂದ ಬಂದ ಮಿಸ್ತ್ರಿ ಬಾನೆಟ್ಟು ಎತ್ತಿ ನೋಡಿ ನಕ್ಕನು. ಕಾರ್ಬ್ಯುರೇಟರಿನ ತಳದಲ್ಲಿ ಉಳಿದಿದ್ದ ಪೆಟ್ರೋಲ್ ಒಣಗಿ ಅಂಟಾಗಿ, ಸಣ್ಣ ರಂಧ್ರಗಳೆಲ್ಲ ಮುಚ್ಚಿಹೋಗಿದ್ದವು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಆ ತೇವದಿಂದ ಗಾಲಿಯ ಬಳಿಯ ಪಿಸ್ಟನ್ನುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಸಿಲಿಂಡರಿನ ಗೋಡೆಗೆ ಅಂಟಿದ್ದ ಎಣ್ಣೆ ಕೆಳಗಿಳಿದುಹೋಗಿ ರಿಂಗುಗಳು ಹಿಡಿದಿದ್ದವು. ರಬ್ಬರಿನ ಸೀಲುಗಳು ಹಪ್ಪಳದಂತೆ ಮುರಿದವು. ಪೆಟ್ರೋಲ್ ಟಾಕಿಯ ಒಳಮೈ ಪೂರ್ತಿ ತುಕ್ಕು. ವಿಷವಿಟ್ಟರೂ ತಂತಿಗಳನ್ನು ಇಲಿಗಳು ಕಡಿದಿದ್ದವು. "ಓಡ್ಸಿದ್ರ ಇಷ್ಟ ಖರ್ಚ ಬರ್ತಿರ್ಲಿಲ್ರಿ" ಎಂದನು ಮಿಸ್ತ್ರಿ. ಆಗಾಗ ನಿಂತಲ್ಲೇ ಚಾಲೂ ಮಾಡಿ ಐದು ನಿಮಿಷಕ್ಕೆ ನಿಲ್ಲಿಸುವವರೂ ಇದ್ದಾರಂತೆ. ಅದರಿಂದ ಎಂಜಿನ್ ಪೂರ್ತಿ ಕಾಯದೆ, ಹೊಗೆಯ ಕೊಳವೆಯಲ್ಲೂ ಎಣ್ಣೆಯಲ್ಲೂ ನೀರಿನ ಹನಿ ಕೂಡಿ ಇನ್ನಷ್ಟು ಕೇಡೆಂದು ಅವನೇ ಹೇಳಿದನು. ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ ತರುವುದೇ ಯಂತ್ರಕ್ಕೆ ಔಷಧ. ಭೋಗೋಪಭೋಗ ಪರಿಮಾಣ ವ್ರತವು ಮಿತಿಯನ್ನು ಹಾಕಿಕೊಂಡು ಬಳಸೆಂದು ಗೃಹಸ್ಥನಿಗೆ ಹೇಳುತ್ತದೆ. ಮಿಸ್ತ್ರಿಯ ಮಾತು ಅದಕ್ಕೆ ಹೊರತಾಗಿ ನನಗೆ ಕೇಳಿಸಲಿಲ್ಲ.

ಇತಿಹಾಸದ ಸಂರಕ್ಷಣೆಯೆಂಬುದು ಸಂಗ್ರಾಹಕರ ಕೊನೆಯ ಹಾಗೂ ಬಲವಾದ ವಾದ. ಇದನ್ನು ಸುಮ್ಮನೆ ತಳ್ಳಿಹಾಕುವುದು ನ್ಯಾಯವಲ್ಲ. ಕಾರ್ಖಾನೆಯಿಂದ ಬಂದ ಬಣ್ಣ ಹೇಗಿತ್ತು, ಬೆಸುಗೆ ಎಲ್ಲಿತ್ತು, ಯಾವ ಬೋಲ್ಟಿಗೆ ಯಾವ ಗುರುತಿತ್ತು ಎಂಬುದಕ್ಕೆ ಮುಟ್ಟದ ಪ್ರತಿಯೊಂದು ಪ್ರಮಾಣವಾಗಬಲ್ಲದು. ಹಳೆಯದನ್ನು ದುರಸ್ತಿ ಮಾಡುವವರಿಗೆ ಅದು ಅಕ್ಷರಮಾಲೆಯಂತೆ. ಅಂಥದು ಒಂದು ಸಾರ್ವಜನಿಕ ಸಂಗ್ರಹಾಲಯದಲ್ಲಿರಲಿ. ಆದರೆ ಎಂದೂ ಓಡದ ಕಾರಿಗೆ ಇತಿಹಾಸವೆಂಬುದೇನಿದೆ? ಹುಟ್ಟಿದ ದಿನಾಂಕವೊಂದನ್ನು ಬಿಟ್ಟರೆ ಅದರ ಬಾಳಿನಲ್ಲಿ ಬೇರೆ ಘಟನೆಯೇ ಇಲ್ಲ. ದಿಲ್ಲಿಯ ಹರಪಾಲ ಸಿಂಗರು ಮೊದಲ ಮಾರುತಿಯನ್ನು ಮಾರದೆ, 2010ರಲ್ಲಿ ತೀರಿಕೊಳ್ಳುವವರೆಗೂ ತಮ್ಮಲ್ಲಿಯೇ ಉಳಿಸಿಕೊಂಡಿದ್ದರು. ಆಮೇಲೆ ತುಕ್ಕು ಹಿಡಿಯುತ್ತಿದ್ದ ಅದನ್ನು ಸರಿಪಡಿಸಿ ಸಂಸ್ಥೆಯ ಮುಖ್ಯ ಕಚೇರಿಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಜನ ನೋಡಲು ಬರುವುದು ಒಂದು ಸಂಸಾರ ಅದರಲ್ಲಿ ಬಾಳಿತೆಂಬ ಕಾರಣಕ್ಕೆ.

ಧರ್ಮಸ್ಥಳದಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳ ಸಂಗ್ರಹವನ್ನು, ಮಂಜೂಷಾ ವಸ್ತುಸಂಗ್ರಹಾಲಯವನ್ನು ನೋಡಿದ ಬಂಧುಗಳು ನನ್ನನ್ನು ಕೇಳಬಹುದು: ನಮ್ಮ ಸಮಾಜದ ಹಿರಿಯರೇ ಇಷ್ಟೊಂದು ಕಾರುಗಳನ್ನು ಇಟ್ಟುಕೊಂಡಿರುವಾಗ ನಿಮ್ಮ ಆಕ್ಷೇಪವೇನು? ನಾನು ಅಲ್ಲಿ ಎರಡು ಸಲ ನಿಂತು ನೋಡಿದ್ದೇನೆ. ಅಲ್ಲಿರುವುದು ಬಹುಮಟ್ಟಿಗೆ ಓಡಿ ದಣಿದ ವಾಹನಗಳು. ಯಾತ್ರೆಗೆ ಬಂದ ರೈತನ ಮಗುವೂ ಗಾಜಿಗೆ ಮೂಗು ಒತ್ತಿ ನೋಡಬಹುದು. ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯವೂ ಅದೇ ಉದ್ದೇಶದ್ದು. ನೋಟಕ್ಕೆ ತೆರೆದಿಟ್ಟ ವಸ್ತುವಿನಲ್ಲಿ ಒಡೆತನದ ಪಾಲು ಸ್ವಲ್ಪವಾದರೂ ಹಂಚಿಹೋಗುತ್ತದೆ. ಹಾಗೆಂದು ಸಂಗ್ರಹದ ಮೋಹವೇ ಅಲ್ಲಿಲ್ಲವೆಂದು ಹೇಳಿದರೆ ಅದು ಮುಖಸ್ತುತಿಯಾದೀತು. ಸಂಗ್ರಹಿಸುವವರಿಗೆ ಅದರ ಅರಿವು ನಮಗಿಂತ ಹೆಚ್ಚಾಗಿಯೇ ಇರುತ್ತದೆ. ಜಪಾನಿನ ನಾಗಾಕುಟೆಯಲ್ಲಿ 1989ರಲ್ಲಿ ತೆರೆದ ಟೊಯೋಟಾ ಸಂಗ್ರಹಾಲಯದವರು ತಮ್ಮ ಕಾರುಗಳಲ್ಲಿ ಬಹುಪಾಲನ್ನು ಓಡುವ ಸ್ಥಿತಿಯಲ್ಲೇ ಇಟ್ಟುಕೊಂಡಿದ್ದಾರೆ. ಕಾರನ್ನು ಮಾಡಿದವರಿಗೆ ಅದು ಯಾತಕ್ಕಾಗಿ ಆದದ್ದೆಂಬುದು ಮರೆತಿಲ್ಲ.

ಇದಕ್ಕೆ ವಿರುದ್ಧವಾಗಿ 2013ರಲ್ಲಿ ಅಮೆರಿಕದ ನೆಬ್ರಾಸ್ಕಾದ ಪಿಯರ್ಸ್ ಎಂಬ ಸಣ್ಣ ಊರಿನಲ್ಲಿ ನಡೆದ ಹರಾಜನ್ನು ನೋಡಿರಿ. ಕಾರು ಮಾರುವ ಅಂಗಡಿಯ ಒಬ್ಬ ಮುದುಕ ವರ್ತಕ ದಶಕಗಳ ಕಾಲ ಕೂಡಿಟ್ಟ ಸುಮಾರು 500 ವಾಹನಗಳು ಒಮ್ಮೆಗೇ ಬೀದಿಗೆ ಬಂದವು. ಅವುಗಳಲ್ಲಿ 1958ರ ಒಂದು ಶೆವರ್ಲೆ ಪಿಕಪ್ ಓಡಿದ್ದು ಬರಿಯ 1.3 ಮೈಲಿ, ಮಾರಿದ್ದು 1 ಲಕ್ಷ 40 ಸಾವಿರ ಡಾಲರಿಗೆ. ವರ್ತಕನಾಗಿ ನನಗೆ ಈ ಲೆಕ್ಕ ವಿಚಿತ್ರವಾಗಿ ಕಾಣುತ್ತದೆ. ನಮ್ಮ ಪೇಟೆಯಲ್ಲಿ ಎತ್ತಿಗೆ ಬೆಲೆ ಕಟ್ಟುವಾಗ ಅದು ಎಷ್ಟು ಎಳೆಯಬಲ್ಲದೆಂದು ನೋಡುತ್ತಾರೆ. ಇಲ್ಲಿ ಎಂದೂ ಎಳೆಯಲಿಲ್ಲವೆಂಬುದಕ್ಕೇ ಹಣ. ನಮ್ಮ ದೇಶದಲ್ಲೂ 2021ರ ಜುಲೈನಲ್ಲಿ ಹೊರಟ ನಿಯಮದಂತೆ 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ಎಂಬ ಮಾನ್ಯತೆಯುಂಟು. ಪ್ರದರ್ಶನ, ಮೆರವಣಿಗೆ, ಪೆಟ್ರೋಲ್ ಹಾಗೂ ದುರಸ್ತಿಯ ಹೊರತು ದಿನಬಳಕೆಗೆ ಅದನ್ನು ರಸ್ತೆಗೆ ತರುವಂತಿಲ್ಲ. 1983ರ ಮಾರುತಿಗಳಿಗೆ ಆ ಭಾಗ್ಯ 2033ಕ್ಕೆ ಬರಲಿದೆ.

ತಾಡಪತ್ರಿಯೆಂಬ ಮಾತಿನಿಂದ ನನಗೆ ತಾಡವೋಲೆಯ ನೆನಪು ಬಂತು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳ ಓಲೆಗಳು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಹೊರಬರುತ್ತಿದ್ದವು. ಯಾತ್ರಿಕರು ಕೈಮುಗಿಯುತ್ತಿದ್ದರು, ಓದುವವರಿರಲಿಲ್ಲ. ಕಾಪಾಡಿದ ಆ ಪೂರ್ವಿಕರ ಋಣ ನಮ್ಮ ಮೇಲೆ ಅಪಾರವಾಗಿದೆ, ಅವರಿಲ್ಲದಿದ್ದರೆ ಇಂದು ಒಂದಕ್ಷರವೂ ನಮಗೆ ಉಳಿಯುತ್ತಿರಲಿಲ್ಲ. ಆದರೆ ಕಟ್ಟಿಟ್ಟ ಕಟ್ಟಿನೊಳಗೇ ಓಲೆಗಳು ಮುರಿಯುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಶುರುವಾಗಿ, 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಗಿ, ಮುಂದೆ ಹದಿನಾರು ಸಂಪುಟಗಳಾದ ಮೇಲೆ ಆ ಶಾಸ್ತ್ರ ಮತ್ತೆ ಶಾಸ್ತ್ರವಾಯಿತು. ಹೊರಗೆ ಕೊಡಬಾರದೆಂದು ಅಂದು ಹಟ ಹಿಡಿದವರೂ ಭಕ್ತರೇ ಆಗಿದ್ದರು. ಕಾರಿಗೂ ಆಗಮಕ್ಕೂ ಹೋಲಿಕೆಯೇ ಎಂದು ಯಾರಾದರೂ ನೊಂದುಕೊಂಡರೆ ಕ್ಷಮೆ ಇರಲಿ; ನಾನು ಹೋಲಿಸುತ್ತಿರುವುದು ಕಾಯುವವರ ಮನಸ್ಸನ್ನು.

ನಮ್ಮ ಕಾರಿನ ವಿಷಯ ಇಷ್ಟು ಹೇಳಿ ಮುಗಿಸುತ್ತೇನೆ. ದೊಡ್ಡಪ್ಪನವರ ಮಗ ಅದನ್ನು ಗುಜರಿಗೆ ಹಾಕೋಣವೆಂದನು. ನಾನು ಖಾತೆಯಲ್ಲಿದ್ದ ಬೆಲೆಗೇ ತೆಗೆದುಕೊಂಡು, ಎಂಜಿನ್ ಬಿಚ್ಚಿಸಿ ಕಟ್ಟಿಸಿ, ದಂಡ ತೆತ್ತು ಮರುನೋಂದಣಿ ಮಾಡಿಸಿದೆ. ಆ ಮೊತ್ತವನ್ನು ಇಲ್ಲಿ ಬರೆದರೆ ನಮ್ಮ ಮನೆಯವರು ಇಂದಿಗೂ ಸಿಟ್ಟಾಗುತ್ತಾರೆ. ಈಗ ಹದಿನೈದು ದಿನಕ್ಕೊಮ್ಮೆ ಅದು ವಿಜಯಪುರಕ್ಕೆ ಹೋಗಿ ಬರುತ್ತದೆ. ಊರಲ್ಲಿ ಯಾರಿಗೆ ಅಡಚಣೆಯಾದರೂ ಕೀಲಿಕೈ ಅಂಗಡಿಯ ಗಲ್ಲೆಯ ಪಕ್ಕದ ಮೊಳೆಗೆ ತೂಗುಬಿದ್ದಿರುತ್ತದೆ. ಹೋದ ವರ್ಷ ಪುಣೆಯ ಸಂಗ್ರಾಹಕರೊಬ್ಬರು ಹೇಗೋ ವಿಷಯ ತಿಳಿದು ಫೋನು ಮಾಡಿದರು. ಮೊದಲು ಕೇಳಿದ್ದೇ ಎಷ್ಟು ಕಿಲೋಮೀಟರು ಓಡಿದೆ ಎಂದು. ಮೂವತ್ತೊಂದು ಸಾವಿರವೆಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಛೇ, ಕೆಡಿಸಿಬಿಟ್ಟಿರಲ್ಲ ಎಂದು ಮರಾಠಿಯಲ್ಲಿ ಹೇಳಿ ಫೋನು ಇಟ್ಟರು.

ಪರಿಮಾಣ ವ್ರತವನ್ನು ಬರೆದಿಡುವ ನನ್ನ ಪುಸ್ತಕದಲ್ಲಿ ಈ ಸಲ ಒಂದು ಹೊಸ ಕಲಮು ಎಳೆದಿದ್ದೇನೆ: ಪ್ರತಿ ವಸ್ತುವಿನ ಎದುರು, ಅದನ್ನು ಕೊನೆಗೆ ಬಳಸಿದ ದಿನಾಂಕ. ಬಂಧುಗಳು ಇಷ್ಟವಿದ್ದರೆ ತಾವೂ ಪರೀಕ್ಷಿಸಿ ನೋಡಬಹುದು. ನನ್ನ ಪುಸ್ತಕದಲ್ಲಿ ಹನ್ನೊಂದು ವಸ್ತುಗಳ ಎದುರು ಆ ಕಲಮು ಖಾಲಿ ಉಳಿಯಿತು. ಒಂದು, ತೀರಿಹೋದ ನಮ್ಮ ತಾಯಿಯವರ ಇಳಕಲ್ ಸೀರೆಗಳ ಪೆಟ್ಟಿಗೆ. ಇನ್ನೊಂದು, ಸೊಲ್ಲಾಪುರದಿಂದ ತರಿಸಿದ ಧವಲಾದ ಹದಿನಾರು ಸಂಪುಟಗಳು. ಅವುಗಳಲ್ಲಿ ನಾಲ್ಕರ ಪ್ಲಾಸ್ಟಿಕ್ ಹೊದಿಕೆಯನ್ನು ನಾನು ಇನ್ನೂ ತೆಗೆದಿಲ್ಲ.